ಮುಟ್ಟು ನಿಂತ ಮೇಲಿನ ಮಾತ್ರೆ

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಬಯಲಿನಲ್ಲಿ ಅಕ್ಟೋಬರ್ ಕಳೆದರೆ ಮಾರ್ಚ್‌ವರೆಗೂ ಕಡುಚಳಿ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಆ ತಿಂಗಳುಗಳುದ್ದಕ್ಕೂ ಅಲ್ಲಿ ಸಾವಿರಾರು ಗಬ್ಬದ ಕುದುರೆಗಳು ಲಾಯದ ಇಕ್ಕಟ್ಟಾದ ಗೂಡುಗಳಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಪ್ರತಿ ಕುದುರೆಯ ಹಿಂಭಾಗಕ್ಕೂ ಮೇಲಿನಿಂದ ಒಂದು ರಬ್ಬರ್ ಚೀಲ ಇಳಿಬಿಟ್ಟಿರುತ್ತಿದ್ದರು. ಅದರಿಂದ ಹೊರಟ ಕೊಳವೆ ಡಬ್ಬಿಗೆ ಸೇರುತ್ತಿತ್ತು. ಹೀಗೆ ಹಿಡಿದಿಟ್ಟ ಮೂತ್ರವನ್ನು ರೈತರು ಬ್ರ್ಯಾಂಡನ್ ಎಂಬ ಊರಿನ ಔಷಧ ಕಾರ್ಖಾನೆಗೆ ಮಾರುತ್ತಿದ್ದರು. ದುಡ್ಡು ಸಿಗುತ್ತಿದ್ದುದು ಲೀಟರ್ ಲೆಕ್ಕದಲ್ಲಲ್ಲ, ಮೂತ್ರದಲ್ಲಿದ್ದ ಈಸ್ಟ್ರೋಜೆನ್ ತೂಕದ ಮೇಲೆ. ಮೂತ್ರ ಗಟ್ಟಿಯಾಗಲೆಂದು ಕುದುರೆಗಳಿಗೆ ನೀರು ಕಡಿಮೆ ಕುಡಿಸುತ್ತಾರೆ ಎಂದು ಪ್ರಾಣಿದಯಾ ಸಂಘಟನೆಗಳು ವರ್ಷಗಟ್ಟಲೆ ದೂರಿದವು.

ಆ ಮೂತ್ರದಿಂದ ತಯಾರಾಗುತ್ತಿದ್ದ ಮಾತ್ರೆಯ ಹೆಸರು ಪ್ರೆಮರಿನ್. ಮುಟ್ಟು ನಿಂತ ಹೆಂಗಸರಿಗೆಂದು ಬಂದ ಈ ಮಾತ್ರೆ 1992ರ ಹೊತ್ತಿಗೆ ಅಮೆರಿಕದಲ್ಲಿ ವೈದ್ಯರು ಅತಿ ಹೆಚ್ಚು ಬರೆದುಕೊಡುವ ಔಷಧವಾಗಿತ್ತು. ಹತ್ತೇ ವರ್ಷ ಕಳೆಯುವಷ್ಟರಲ್ಲಿ ಅದೇ ಮಾತ್ರೆಯನ್ನು ಹೆಂಗಸರು ಹೆದರಿ ಕಸದ ಬುಟ್ಟಿಗೆ ಎಸೆದರು. ಈಗ ಮತ್ತೆ ವೈದ್ಯರು ಈಸ್ಟ್ರೋಜೆನ್ ಬರೆಯತೊಡಗಿದ್ದಾರೆ. ಆದರೆ ಅದಕ್ಕೆ ಮುಂಚೆ ಕೆಲವು ಪ್ರಶ್ನೆ ಕೇಳುತ್ತಾರೆ: ಗರ್ಭಕೋಶ ಇದೆಯೇ, ಮುಟ್ಟು ನಿಂತು ಎಷ್ಟು ವರ್ಷವಾಯಿತು, ಕಾಲಿನಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ, ಸ್ತನ ಕ್ಯಾನ್ಸರ್ ಆಗಿತ್ತೇ, ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡಿತೇ? ಸಾಮಾನ್ಯವಾಗಿ ಕಾಣುವ ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಮಾತ್ರೆ ಮಾರುಕಟ್ಟೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, ಅದನ್ನು ನುಂಗಿದ ಹೆಂಗಸರಿಗೆ ಕಾಯಿಲೆ ಬಂದ ನಂತರ.

ಕತೆ ಶುರುವಾಗುವುದು ಕಸಾಯಿಖಾನೆಯಿಂದ. 1920ರ ದಶಕದ ಆರಂಭದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎಡ್ಗರ್ ಅಲೆನ್ ಎಂಬ ಅಂಗರಚನಾ ತಜ್ಞ ಮತ್ತು ಎಡ್ವರ್ಡ್ ಡಾಯ್ಸಿ ಎಂಬ ಜೀವರಸಾಯನ ತಜ್ಞ ಹಂದಿಗಳ ಅಂಡಾಶಯ ತರಿಸಿ, ಅದರ ಮೇಲಿನ ಗುಳ್ಳೆಗಳಿಂದ ದ್ರವ ಹೀರಿ, ಅಂಡಾಶಯ ತೆಗೆದ ಇಲಿಗಳಿಗೆ ಚುಚ್ಚಿದರು. ಬೆದೆಗೆ ಬರಲು ಸಾಧ್ಯವೇ ಇಲ್ಲದ ಇಲಿಗಳಲ್ಲಿ ಬೆದೆಯ ಲಕ್ಷಣ ಕಾಣಿಸಿತು. 1923ರಲ್ಲಿ ಅವರು ಇದನ್ನು ಪ್ರಕಟಿಸಿದರು. 1929ರಲ್ಲಿ ಅಮೆರಿಕದಲ್ಲಿ ಡಾಯ್ಸಿ, ಜರ್ಮನಿಯಲ್ಲಿ ಅಡಾಲ್ಫ್ ಬ್ಯೂಟೆನಾಂಟ್, ಇಬ್ಬರೂ ಬೇರೆಬೇರೆಯಾಗಿ ಗರ್ಭಿಣಿಯರ ಮೂತ್ರದಿಂದ ಮೊದಲ ಈಸ್ಟ್ರೋಜೆನ್ ಹರಳು ತೆಗೆದರು. ಅಂಡಾಶಯವೇ ಸುರಿಸುವ ಮೂಲ ಹಾರ್ಮೋನ್ ಈಸ್ಟ್ರಡಯೋಲ್ ಕೈಗೆ ಸಿಕ್ಕಿದ್ದು ಅದಾದ ಆರೇಳು ವರ್ಷಕ್ಕೆ. ಡಾಯ್ಸಿಯ ತಂಡ ಸುಮಾರು 4 ಟನ್ ಹಂದಿ ಅಂಡಾಶಯ ಅರೆದು ಸೋಸಿದಾಗ ದಕ್ಕಿದ್ದು ಸುಮಾರು 12 ಮಿಲಿಗ್ರಾಂ.

ಇಷ್ಟು ದುಬಾರಿಯಾದದ್ದನ್ನು ಮಾತ್ರೆ ಮಾಡಿ ಮಾರುವುದು ಹೇಗೆ? ಮಾಂಟ್ರಿಯಲ್‌ನಲ್ಲಿ ಜೇಮ್ಸ್ ಕಾಲಿಪ್ ಹೆರಿಗೆಯ ಮಾಸಿನಿಂದ ಎಮ್ಮೆನಿನ್ ಎಂಬ ಔಷಧ ತೆಗೆದರು. ಇನ್ಸುಲಿನ್ ಶುದ್ಧೀಕರಿಸಿದ ಕಾಲಿಪ್ ಇವರೇ. ಎಮ್ಮೆನಿನ್ ಅನ್ನು 1930ರಲ್ಲಿ ಏಯರ್ಸ್ಟ್ ಎಂಬ ಕಂಪನಿ ಮಾರುಕಟ್ಟೆಗೆ ಬಿಟ್ಟಿತು. ಆದರೆ ಮಾಸು, ಗರ್ಭಿಣಿಯರ ಮೂತ್ರ ಇವೆಲ್ಲ ಬೇಕಾದಷ್ಟು ಸಿಗುವ ಸರಕಲ್ಲ. ಗಬ್ಬದ ಕುದುರೆಯ ಮೂತ್ರದಲ್ಲಿ ಈಸ್ಟ್ರೋಜೆನ್ ಹೇರಳವಾಗಿದೆ ಎಂದು ಬರ್ನ್‌ಹಾರ್ಡ್ ಜೋಂಡೆಕ್ ಎಂಬ ಜರ್ಮನ್ ವೈದ್ಯ 1930ರಲ್ಲಿ ಕಂಡುಕೊಂಡ ಮೇಲೆ ದಾರಿ ತೆರೆಯಿತು. ಏಯರ್ಸ್ಟ್ ಕಂಪನಿಯ ಪ್ರೆಮರಿನ್ 1941ರಲ್ಲಿ ಕೆನಡಾದಲ್ಲಿ, 1942ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು.

ಅದು ಕೆಲಸ ಮಾಡಿತು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಗಲಾಟೆಯಲ್ಲಿ ಇದು ಮರೆತೇಹೋಯಿತು. ಮುಟ್ಟು ನಿಲ್ಲುವ ಕಾಲದಲ್ಲಿ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಉರಿಯೇರಿ, ಮೈಯೆಲ್ಲ ಬೆವೆತು, ರಾತ್ರಿ ನಾಲ್ಕಾರು ಸಲ ಎಚ್ಚರವಾಗುವ ಹೆಂಗಸಿಗೆ ಈಸ್ಟ್ರೋಜೆನ್ನಿನಷ್ಟು ಆರಾಮ ಕೊಡುವ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ಯೋನಿ ಒಣಗಿ ಉರಿಯುವುದು, ಮೂಳೆ ಸವೆಯುವುದು, ಇವೆರಡಕ್ಕೂ ಅದು ತಡೆ. ತಪ್ಪಾದದ್ದು ಔಷಧದಲ್ಲಲ್ಲ, ಅದನ್ನು ಇದ್ದಬದ್ದ ಹೆಂಗಸರಿಗೆಲ್ಲ ಜೀವನಪೂರ್ತಿ ಕೊಡಬೇಕೆಂದು ಹೊರಟದ್ದರಲ್ಲಿ.

ಹಾಗೆ ಹೊರಟವರಲ್ಲಿ ದೊಡ್ಡ ದನಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಸ್ತ್ರೀರೋಗ ತಜ್ಞ ರಾಬರ್ಟ್ ವಿಲ್ಸನ್ ಅವರದು. 1966ರಲ್ಲಿ ಬಂದ ಅವರ ‘ಫೆಮಿನೈನ್ ಫಾರೆವರ್’ ಪುಸ್ತಕ ಮುಟ್ಟು ನಿಲ್ಲುವುದನ್ನು ಹಾರ್ಮೋನ್ ಕೊರತೆಯ ಕಾಯಿಲೆ ಎಂದು ಸಾರಿತು. ಮಧುಮೇಹಿಗೆ ಇನ್ಸುಲಿನ್ ಹೇಗೋ ಹೆಂಗಸಿಗೆ ಈಸ್ಟ್ರೋಜೆನ್ ಹಾಗೆ ಎಂಬುದು ಅವರ ವಾದ. ಮಾತ್ರೆ ನುಂಗದ ಹೆಂಗಸು ಮುದುಡಿಹೋಗುತ್ತಾಳೆ, ಗಂಡನಿಗೆ ಬೇಡವಾಗುತ್ತಾಳೆ ಎಂಬ ಹೆದರಿಕೆಯನ್ನೂ ಪುಸ್ತಕ ಹುಟ್ಟಿಸಿತು. ಪುಸ್ತಕ ಲಕ್ಷಗಟ್ಟಲೆ ಓದುಗರನ್ನು ಮುಟ್ಟಿತು. ವಿಲ್ಸನ್ ಅವರ ಪ್ರತಿಷ್ಠಾನಕ್ಕೆ ಔಷಧ ಕಂಪನಿಗಳ ಹಣ ಬರುತ್ತಿತ್ತು. ಪುಸ್ತಕದ ಖರ್ಚನ್ನೂ ಪ್ರೆಮರಿನ್ ತಯಾರಕರೇ ಭರಿಸಿದ್ದರೆಂದು ಅವರ ಮಗ 2002ರಲ್ಲಿ ಪತ್ರಿಕೆಗೆ ಹೇಳಿದರು. 1975ರಲ್ಲಿ ಅಮೆರಿಕದಲ್ಲಿ ಈಸ್ಟ್ರೋಜೆನ್ ಮಾತ್ರೆಗೆ ವರ್ಷಕ್ಕೆ ಸುಮಾರು 2.8 ಕೋಟಿ ಚೀಟಿ ಬರೆಯಲಾಗುತ್ತಿತ್ತು.

ಆ ವರ್ಷದ ಡಿಸೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಸಿಯಾಟಲ್‌ನಿಂದ, ಇನ್ನೊಂದು ಲಾಸ್ ಏಂಜಲಿಸ್‌ನಿಂದ. ಈಸ್ಟ್ರೋಜೆನ್ ಮಾತ್ರೆ ನುಂಗಿದವರಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಅಪಾಯ ಮೊದಲನೆಯ ಅಧ್ಯಯನದಲ್ಲಿ ನಾಲ್ಕೂವರೆ ಪಟ್ಟು, ಎರಡನೆಯದರಲ್ಲಿ ಏಳೂವರೆ ಪಟ್ಟು ಕಂಡಿತು. ಏಳು ವರ್ಷ ದಾಟಿ ನುಂಗಿದವರಲ್ಲಿ ಸುಮಾರು ಹದಿನಾಲ್ಕು ಪಟ್ಟು.

ಕಾರಣ ಅಂಡಾಶಯದ ತಿಂಗಳ ಲೆಕ್ಕಾಚಾರದಲ್ಲೇ ಇದೆ. ಮುಟ್ಟಾಗುವ ವಯಸ್ಸಿನಲ್ಲಿ ತಿಂಗಳ ಮೊದಲರ್ಧದಲ್ಲಿ ಈಸ್ಟ್ರೋಜೆನ್ ಗರ್ಭಕೋಶದ ಒಳಪೊರೆಯನ್ನು ಬೆಳೆಸುತ್ತದೆ. ಎರಡನೆಯ ಅರ್ಧದಲ್ಲಿ ಪ್ರೊಜೆಸ್ಟರಾನ್ ಬಂದು ಬೆಳವಣಿಗೆ ನಿಲ್ಲಿಸಿ ಪೊರೆಯನ್ನು ಹದ ಮಾಡುತ್ತದೆ. ಆ ಬಳಿಕ ಪೊರೆ ಕಳಚಿ ಮುಟ್ಟಾಗುತ್ತದೆ. ಬರೀ ಈಸ್ಟ್ರೋಜೆನ್ ಕೊಡುತ್ತ ಹೋದರೆ ಒಳಪೊರೆ, ನೀರು ಗೊಬ್ಬರ ಹಾಕಿ ಕಳೆ ಕೀಳದೆ ಬಿಟ್ಟ ಹೊಲದಂತೆ, ಅಡ್ಡಾದಿಡ್ಡಿ ಬೆಳೆಯುತ್ತದೆ. ಕೆಲವರಲ್ಲಿ ಆ ಬೆಳವಣಿಗೆ ಕ್ಯಾನ್ಸರ್‌ಗೆ ತಿರುಗುತ್ತದೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಪಾಸಣೆ ಮಾಡಿಸಲೇಬೇಕು ಎಂದು ವೈದ್ಯರು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಈ ಕ್ಯಾನ್ಸರ್ ಹೆಚ್ಚಾಗಿ ಮೊದಲು ತೋರುವ ಗುರುತು ರಕ್ತಸ್ರಾವ.

ಮಾರಾಟ ಐದು ವರ್ಷದಲ್ಲಿ ಅರ್ಧಕ್ಕಿಳಿಯಿತು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಂದರೆ ಎಫ್‌ಡಿಎ, ಪ್ರತಿ ಈಸ್ಟ್ರೋಜೆನ್ ಡಬ್ಬಿಯಲ್ಲೂ ರೋಗಿ ತಾನೇ ಓದಿಕೊಳ್ಳುವಂಥ ಎಚ್ಚರಿಕೆಯ ಚೀಟಿ ಇರಬೇಕೆಂದು 1977ರಲ್ಲಿ ನಿಯಮ ತಂದಿತು. ಔಷಧ ಕಂಪನಿಗಳ ಸಂಘ ಇದರ ವಿರುದ್ಧ ಕೋರ್ಟಿಗೆ ಹೋಯಿತು. ಇತ್ತ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ವೈದ್ಯರೂ ಇತರರೂ ಈಸ್ಟ್ರೋಜೆನ್ ಜೊತೆ ತಿಂಗಳಿಗೆ ಇಷ್ಟು ದಿನ ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಕೊಟ್ಟರೆ ಒಳಪೊರೆ ಹಿಡಿತದಲ್ಲಿರುತ್ತದೆ ಎಂದು ತೋರಿಸಿದರು. ಗರ್ಭಕೋಶ ಇರುವವರಿಗೆ ಜೋಡಿ ಮಾತ್ರೆ, ತೆಗೆಸಿಕೊಂಡವರಿಗೆ ಈಸ್ಟ್ರೋಜೆನ್ ಒಂದೇ. ಈ ನಿಯಮ ಅಂದಿನಿಂದ ಅಲುಗಾಡಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಈಸ್ಟ್ರೋಜೆನ್ ಇನ್ನೂ ಘೋರವಾದ ಪಾಠ ಕಲಿಸಿತ್ತು. 1938ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ತಂಡ ಪ್ರಯೋಗಾಲಯದಲ್ಲೇ ತಯಾರಿಸಿದ ಸ್ಟಿಲ್ಬೆಸ್ಟ್ರಾಲ್‌ಗೆ ಪೇಟೆಂಟ್ ಇರಲಿಲ್ಲ, ಬೆಲೆಯೂ ಅಗ್ಗ. 1941ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೂ ಸೇರಿಸಿ. ಆಮೇಲೆ ಗರ್ಭಪಾತ ತಡೆಯುತ್ತದೆಂದು ನಂಬಿ ಬಸುರಿಯರಿಗೂ ಕೊಟ್ಟರು. 1960ರ ದಶಕದ ಕೊನೆಗೆ ಬಾಸ್ಟನ್‌ನಲ್ಲಿ ಹದಿಹರೆಯದ ಹುಡುಗಿಯರಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಒಂದರ ಮೇಲೊಂದು ಕಾಣಿಸಿಕೊಂಡಿತು. ನಾನು ಬಸುರಿಯಾಗಿದ್ದಾಗ ನುಂಗಿದ ಆ ಮಾತ್ರೆಯೇ ಇದಕ್ಕೆ ಕಾರಣವಿರಬಹುದೇ ಎಂದು ವೈದ್ಯರನ್ನು ಮೊದಲು ಕೇಳಿದವಳು ಒಬ್ಬ ಹುಡುಗಿಯ ತಾಯಿ. ಆರ್ಥರ್ ಹರ್ಬ್‌ಸ್ಟ್ ಮತ್ತು ಜೊತೆಗಾರರು ವಿಚಾರಿಸಿದಾಗ ಎಂಟು ಹುಡುಗಿಯರಲ್ಲಿ ಏಳು ಜನರ ತಾಯಂದಿರು ಅದನ್ನು ತೆಗೆದುಕೊಂಡಿದ್ದರು. 1971ರ ಆ ವರದಿಯ ನಂತರ ಬಸುರಿಯರಿಗೆ ಅದನ್ನು ಕೊಡಬಾರದೆಂದು ಎಫ್‌ಡಿಎ ಸೂಚಿಸಿತು.

ಭಾರತದಲ್ಲಿ ಈ ಹಾರ್ಮೋನಿನ ಜಗಳ ಶುರುವಾದದ್ದೂ ಬಸುರಿಯರ ವಿಷಯದಲ್ಲೇ. ಮುಟ್ಟು ತಪ್ಪಿದರೆ ಬಸುರೋ ಅಲ್ಲವೋ ತಿಳಿಯಲೆಂದು ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಬೆರೆಸಿದ ಜಾಸ್ತಿ ಪ್ರಮಾಣದ ಮಾತ್ರೆ, ಸೂಜಿಮದ್ದು ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಹೊಟ್ಟೆಯಲ್ಲಿನ ಕೂಸಿಗೆ ಕೇಡು ಎಂದು ಮಹಿಳಾ ಸಂಘಟನೆಗಳು ಹೋರಾಡಿದವು. 1982ರಲ್ಲಿ ಸರ್ಕಾರ ನಿಷೇಧದ ಆದೇಶ ಹೊರಡಿಸಿದರೆ ಕಂಪನಿಗಳು ಹೈಕೋರ್ಟುಗಳಲ್ಲಿ ತಡೆ ತಂದವು. ಸುಪ್ರೀಂ ಕೋರ್ಟ್ ಮಧ್ಯೆ ಬಂದು, ಸಾರ್ವಜನಿಕ ವಿಚಾರಣೆ ನಡೆದು, ನಿಷೇಧ ಜಾರಿಯಾಗುವಾಗ 1988.

ಅಮೆರಿಕದಲ್ಲಿ ಜೋಡಿ ಮಾತ್ರೆ ಬಂದ ಮೇಲೆ ಮಾರಾಟ ಮತ್ತೆ ಏರಿತು. ಈ ಸಲ ಆಸೆ ಹುಟ್ಟಿಸಿದ್ದು ಹೃದಯ. ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಹೃದಯಾಘಾತ ಕಡಿಮೆ, ನಿಂತ ಮೇಲೆ ಹೆಚ್ಚು. ಅಂದಮೇಲೆ ಈಸ್ಟ್ರೋಜೆನ್ ಹೃದಯ ಕಾಯುತ್ತದೆ ಎಂಬ ತರ್ಕ. ಈ ತರ್ಕವನ್ನು ಮೊದಲು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ್ದು ಗಂಡಸರ ಮೇಲೆ. ಒಮ್ಮೆ ಹೃದಯಾಘಾತವಾದ 8,341 ಗಂಡಸರನ್ನು ಸೇರಿಸಿಕೊಂಡ ‘ಕೊರೊನರಿ ಡ್ರಗ್ ಪ್ರಾಜೆಕ್ಟ್’ನಲ್ಲಿ ಕೆಲವರಿಗೆ ಈಸ್ಟ್ರೋಜೆನ್ ಕೊಟ್ಟರು. ಹೆಚ್ಚು ಪ್ರಮಾಣದ ಗುಂಪಿನಲ್ಲಿ ಹೃದಯಾಘಾತವೂ ರಕ್ತ ಹೆಪ್ಪುಗಟ್ಟುವುದೂ ಹೆಚ್ಚಿದ್ದರಿಂದ 1970ರಲ್ಲಿ ನಿಲ್ಲಿಸಿದರು. ಕಡಿಮೆ ಪ್ರಮಾಣದ್ದನ್ನು 1973ರಲ್ಲಿ ನಿಲ್ಲಿಸಿದರು. ಇಷ್ಟು ನೋಡಿಯೂ ಹೆಂಗಸರ ವಿಷಯದಲ್ಲಿ ಅದೇ ನಂಬಿಕೆ ಮುಂದುವರಿದದ್ದು ಬೇಸರದ ಸಂಗತಿ.

1985ರಲ್ಲಿ ಮತ್ತೊಮ್ಮೆ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ. ಅಮೆರಿಕದ ದಾದಿಯರ ಅಧ್ಯಯನ, ಮಾತ್ರೆ ನುಂಗುವವರಿಗೆ ಹೃದ್ರೋಗ ಕಡಿಮೆ ಎಂದಿತು. ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನ ಹೆಚ್ಚು ಎಂದಿತು. ಜನ, ವೈದ್ಯರು, ಕಂಪನಿ ಎಲ್ಲರೂ ನೆಚ್ಚಿಕೊಂಡದ್ದು ಮೊದಲನೆಯದನ್ನು. ಮಾತ್ರೆ ಕೇಳಿ ಪಡೆಯುವ ಹೆಂಗಸರು ಸಾಮಾನ್ಯವಾಗಿ ಅನುಕೂಲಸ್ಥರು, ಓದಿದವರು, ಆಗಾಗ ತಪಾಸಣೆಗೆ ಹೋಗುವವರು. ಅವರ ಹೃದಯ ಮಾತ್ರೆ ಇಲ್ಲದೆಯೂ ಚೆನ್ನಾಗಿರುವ ಸಾಧ್ಯತೆ ಹೆಚ್ಚು ಎಂದು ಕೆಲವರು ಎಚ್ಚರಿಸಿದ್ದರು. ಚೀಟಿ ಎತ್ತಿದ ಹಾಗೆ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟು ನೋಡದೆ ಇದು ಬಗೆಹರಿಯುವಂತಿರಲಿಲ್ಲ.

ಆ ಕೆಲಸವನ್ನು ಅಮೆರಿಕ ಸರ್ಕಾರವೇ 1991ರಲ್ಲಿ ಕೈಗೆತ್ತಿಕೊಂಡಿತು. ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ಆ ಯೋಜನೆಯಲ್ಲಿ ಗರ್ಭಕೋಶ ಇದ್ದ 16,608 ಹೆಂಗಸರಿಗೆ ಜೋಡಿ ಮಾತ್ರೆ ಅಥವಾ ಹುಸಿ ಮಾತ್ರೆ, ಗರ್ಭಕೋಶ ತೆಗೆಸಿದ್ದ 10,739 ಮಂದಿಗೆ ಈಸ್ಟ್ರೋಜೆನ್ ಒಂದೇ ಅಥವಾ ಹುಸಿ ಮಾತ್ರೆ. ವಯಸ್ಸು 50ರಿಂದ 79. ಜೋಡಿ ಮಾತ್ರೆಯ ಪರೀಕ್ಷೆಯನ್ನು ಎಂಟೂವರೆ ವರ್ಷ ನಡೆಸಬೇಕೆಂದಿದ್ದರೂ ಸರಾಸರಿ ಐದು ವರ್ಷ ಆಗುವಷ್ಟರಲ್ಲೇ, 2002ರ ಜುಲೈನಲ್ಲಿ, ನಿಲ್ಲಿಸಿದರು. ಮಾತ್ರೆ ನಿಲ್ಲಿಸಿ ಎಂಬ ಪತ್ರ ಅಷ್ಟೂ ಹೆಂಗಸರ ಮನೆಗೆ ಹೋಯಿತು.

ಸ್ತನ ಕ್ಯಾನ್ಸರ್ ಶೇಕಡಾ 26 ಹೆಚ್ಚು, ಹೃದಯಾಘಾತ ಶೇಕಡಾ 29 ಹೆಚ್ಚು, ಪಾರ್ಶ್ವವಾಯು ಶೇಕಡಾ 41 ಹೆಚ್ಚು: ಪತ್ರಿಕೆ, ಟಿವಿಗಳಲ್ಲಿ ಬಂದದ್ದು ಈ ಅಂಕಿಗಳು. ಅದೇ ವರದಿಯನ್ನು ತಲೆಲೆಕ್ಕದಲ್ಲಿ ಓದಿದರೆ ಹೀಗೆ: ವರ್ಷವೊಂದರಲ್ಲಿ 10,000 ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹುಸಿ ಮಾತ್ರೆಯವರಲ್ಲಿ 30, ಜೋಡಿ ಮಾತ್ರೆಯವರಲ್ಲಿ 38. ಪಾರ್ಶ್ವವಾಯು 21ರ ಬದಲು 29. ಸೊಂಟದ ಮೂಳೆ ಮುರಿತವೂ ದೊಡ್ಡ ಕರುಳಿನ ಕ್ಯಾನ್ಸರೂ ಮಾತ್ರೆಯವರಲ್ಲಿ ಕಡಿಮೆ. ಅಪಾಯ ನಿಜ, ಆದರೆ ಬಿದ್ದ ಭಯದಷ್ಟು ದೊಡ್ಡದಲ್ಲ. ಮುಖ್ಯವಾಗಿ, ಸೇರಿದವರ ಸರಾಸರಿ ವಯಸ್ಸು 63. ಅಂದರೆ ಮುಟ್ಟು ನಿಂತು ಹನ್ನೆರಡು ವರ್ಷವೇ ಆಗಿಹೋದವರು, ರಕ್ತನಾಳ ಆಗಲೇ ಗಟ್ಟಿಯಾಗತೊಡಗಿದವರು ಅವರಲ್ಲಿ ಬಹಳ. ಮೈ ಉರಿಯಿಂದ ನಿದ್ದೆಗೆಟ್ಟು ವೈದ್ಯರ ಬಳಿ ಬರುವುದು ಹೆಚ್ಚಾಗಿ ಐವತ್ತರ ಆಸುಪಾಸಿನವರು. ಅವರೂ ಅಂದು ಮಾತ್ರೆ ಬಿಟ್ಟರು. ವರ್ಷಕ್ಕೆ 9 ಕೋಟಿ ಇದ್ದ ಹಾರ್ಮೋನ್ ಚೀಟಿಗಳು ಒಂದೇ ವರ್ಷದಲ್ಲಿ 6 ಕೋಟಿಗೂ ಕೆಳಗಿಳಿದವು. ಕೆನಡಾದಲ್ಲಿ ನೂರಾರು ರೈತರ ಒಪ್ಪಂದ ರದ್ದಾಗಿ ಕುದುರೆಗಳನ್ನು ಹರಾಜಿಗೆ ಬಿಡಬೇಕಾಯಿತು.

ವಯಸ್ಸಿನ ಪ್ರಕಾರ ಅದೇ ಅಂಕಿಅಂಶವನ್ನು ಬಿಡಿಸಿ ನೋಡಿದ್ದು 2007ರಲ್ಲಿ. ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದವರಲ್ಲಿ ಹೃದಯಾಘಾತ ಹೆಚ್ಚಿರಲಿಲ್ಲ. ಇಪ್ಪತ್ತು ವರ್ಷ ದಾಟಿದವರಲ್ಲಿ ಹೆಚ್ಚಿತ್ತು. 2016ರಲ್ಲಿ ಬಂದ ‘ಎಲೈಟ್’ ಪರೀಕ್ಷೆ ಇದನ್ನು ಕತ್ತಿನ ರಕ್ತನಾಳದಲ್ಲೇ ಅಳೆಯಿತು. ಮುಟ್ಟು ನಿಂತು ಆರು ವರ್ಷದೊಳಗಿನವರಲ್ಲಿ ಈಸ್ಟ್ರಡಯೋಲ್ ನಾಳದ ಗೋಡೆ ದಪ್ಪಗಾಗುವುದನ್ನು ನಿಧಾನಿಸಿತು, ಹತ್ತು ವರ್ಷ ಮೀರಿದವರಲ್ಲಿ ಏನೂ ಮಾಡಲಿಲ್ಲ. 60 ವಯಸ್ಸಿನೊಳಗೆ ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಆರಂಭಿಸಬೇಕು ಎಂಬ ಇಂದಿನ ಸಲಹೆ ಬಂದದ್ದು ಹೀಗೆ. ಹಾಗೆಂದು ಹೃದಯ ಕಾಪಾಡಲೆಂದೇ ಇದನ್ನು ನುಂಗಿರೆಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ.

ಹೆಪ್ಪುಗಟ್ಟುವಿಕೆಯ ಗಂಟು ಬಿಡಿಸಿದವರು ಫ್ರೆಂಚರು. ನುಂಗಿದ ಮಾತ್ರೆ ಕರುಳಿನಿಂದ ನೇರ ಯಕೃತ್ತಿಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳ ತಯಾರಿ ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚಿದ ಜೆಲ್, ಅಂಟಿಸಿದ ಪಟ್ಟಿಯ ಈಸ್ಟ್ರಡಯೋಲ್ ಯಕೃತ್ತಿನ ಮೇಲೆ ಹಾಗೆ ಒಮ್ಮೆಲೇ ಎರಗುವುದಿಲ್ಲ. ಪಿಯರ್-ಈವ್ ಸ್ಕರಾಬಿನ್ ನೇತೃತ್ವದ ‘ಎಸ್ತರ್’ ಅಧ್ಯಯನ 2003ರಲ್ಲಿ, ಮತ್ತೆ 2007ರಲ್ಲಿ, ಮಾತ್ರೆಯವರಲ್ಲಿ ಹೆಪ್ಪುಗಟ್ಟುವುದು ಹೆಚ್ಚು, ಚರ್ಮದ ದಾರಿಯವರಲ್ಲಿ ಹಾಗಿಲ್ಲ ಎಂದು ತೋರಿಸಿತು. ದಪ್ಪ ಮೈಯವರಿಗೆ, ಹೆಪ್ಪಿನ ಅಪಾಯ ಇರುವವರಿಗೆ ವೈದ್ಯರು ಈಗ ಪಟ್ಟಿ ಅಥವಾ ಜೆಲ್ ಕಡೆ ವಾಲುತ್ತಾರೆ. ಒಣಗಿದ ಯೋನಿಗೆ, ಪದೇಪದೇ ಬರುವ ಉರಿಮೂತ್ರಕ್ಕೆ ಇನ್ನೂ ಸರಳ ದಾರಿಯಿದೆ. 1993ರಲ್ಲಿ ರೌಲ್ ರಾಜ್ ಮತ್ತು ವಾಲ್ಟರ್ ಸ್ಟಾಮ್ ಪ್ರಕಟಿಸಿದ ಪರೀಕ್ಷೆಯಲ್ಲಿ ಯೋನಿಗೆ ಹಚ್ಚುವ ಈಸ್ಟ್ರಯೋಲ್ ಮುಲಾಮು ಬಳಸಿದವರಿಗೆ ವರ್ಷಕ್ಕೆ ಸರಾಸರಿ ಅರ್ಧ ಸಲ ಮೂತ್ರದ ಸೋಂಕಾದರೆ, ಬರೀ ಮುಲಾಮು ಹಚ್ಚಿದವರಿಗೆ ಸುಮಾರು ಆರು ಸಲ. ಕಡಿಮೆ ಪ್ರಮಾಣದ ಈ ಮುಲಾಮಿನಿಂದ ರಕ್ತಕ್ಕೆ ಸೇರುವ ಹಾರ್ಮೋನ್ ಅತ್ಯಲ್ಪ. ಹೇಳಿಕೊಳ್ಳಲು ನಾಚಿ ಎಷ್ಟೋ ಹೆಂಗಸರು ವರ್ಷಗಟ್ಟಲೆ ನುಂಗಿಕೊಂಡಿರುವ ನೋವಿದು. ಔಷಧ ಇಷ್ಟು ಸುಲಭವಾಗಿದ್ದೂ ಸಿಗದೆ ಹೋಗುವುದು ಅನ್ಯಾಯ.

ಸ್ತನ ಕ್ಯಾನ್ಸರ್ ಪ್ರಶ್ನೆ ಮಾತ್ರ ಪೂರ್ತಿ ಇತ್ಯರ್ಥವಾಗಿಲ್ಲ. 58 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಲೆಕ್ಕದ ಪ್ರಕಾರ, 50ರಲ್ಲಿ ಆರಂಭಿಸಿ ಐದು ವರ್ಷ ದಿನವೂ ಜೋಡಿ ಮಾತ್ರೆ ನುಂಗಿದ 50 ಹೆಂಗಸರಲ್ಲಿ ಒಬ್ಬರಿಗೆ ಮುಂದಿನ ಇಪ್ಪತ್ತು ವರ್ಷದೊಳಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರುತ್ತದೆ. ಈಸ್ಟ್ರೋಜೆನ್ ಒಂದೇ ನುಂಗಿದರೆ 200ರಲ್ಲಿ ಒಬ್ಬರಿಗೆ. ಅಮೆರಿಕದ ಯೋಜನೆಯ ಇಪ್ಪತ್ತು ವರ್ಷದ ವರದಿಯಲ್ಲೋ, ಈಸ್ಟ್ರೋಜೆನ್ ಒಂದೇ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆಯೇ ಕಂಡಿತು. ಎರಡೂ ಒಪ್ಪುವುದು ಇಷ್ಟು: ಜೋಡಿ ಮಾತ್ರೆಯಲ್ಲಿ ಅಪಾಯವಿದೆ, ವರ್ಷ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಆದ್ದರಿಂದಲೇ ವರ್ಷಕ್ಕೊಮ್ಮೆ ವೈದ್ಯರೊಂದಿಗೆ ಕೂತು, ಇನ್ನೂ ಬೇಕೇ, ಪ್ರಮಾಣ ಇಳಿಸಬಹುದೇ ಎಂದು ನೋಡುವ ರೂಢಿ. ಈಗಾಗಲೇ ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಅಥವಾ ತೀವ್ರ ಯಕೃತ್ತಿನ ಕಾಯಿಲೆ ಆದವರಿಗೆ ಸಾಮಾನ್ಯವಾಗಿ ಮಾತ್ರೆ ಕೊಡುವುದಿಲ್ಲ.

2025ರ ನವೆಂಬರ್‌ನಲ್ಲಿ ಎಫ್‌ಡಿಎ, 2003ರಿಂದ ಈ ಔಷಧಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಗಳನ್ನು ತೆಗೆಸುವುದಾಗಿ ಘೋಷಿಸಿತು. ಈಸ್ಟ್ರೋಜೆನ್ ಒಂದನ್ನೇ ನುಂಗುವವರಿಗೆ ಗರ್ಭಕೋಶದ ಕ್ಯಾನ್ಸರ್ ಬಗ್ಗೆ ಇರುವ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು.

ಕರ್ನಾಟಕಕ್ಕೆ ಈ ಚರಿತ್ರೆ ತಟ್ಟುವ ಜಾಗ ಬೇರೆ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47, ಅಮೆರಿಕದವರಿಗಿಂತ ನಾಲ್ಕೈದು ವರ್ಷ ಮುಂಚೆ. ಅದರ ಮೇಲೆ ಗರ್ಭಚೀಲ ತೆಗೆಸುವ ಪಿಡುಗು. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರಿಗೆ, ಹೊಟ್ಟೆನೋವು ಬಿಳಿಸೆರಗು ಎಂದು ಹೋದವರಿಗೆ, ಕ್ಯಾನ್ಸರ್ ಆದೀತೆಂದು ಹೆದರಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದದ್ದು 2015ರ ಹೊತ್ತಿಗೆ ಬಯಲಾಯಿತು. ಅವರಲ್ಲಿ ನಲವತ್ತು ದಾಟದವರು ಎಷ್ಟೋ ಜನ. ಹೆಂಗಸರೇ ಬೀದಿಗಿಳಿದು ಕೇಳಿದರು, ಆರೋಗ್ಯ ಚಳವಳಿಯವರು ಜೊತೆ ನಿಂತರು, ತನಿಖೆಗಳೂ ನಡೆದವು. ಬೇರೆ ರಾಜ್ಯಗಳ ಇಂಥದೇ ಪ್ರಕರಣಗಳ ಮೇಲಿನ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದಿದ್ದರೆ ಮೂವತ್ತೈದರ ಹೆಂಗಸಿಗೆ ರಾತ್ರೋರಾತ್ರಿ ಈಸ್ಟ್ರೋಜೆನ್ ನಿಂತುಹೋಗುತ್ತದೆ. ಮೂಳೆ ಬೇಗ ಸವೆಯುತ್ತದೆ, ಹೃದ್ರೋಗ ಬೇಗ ಹತ್ತಿರವಾಗುತ್ತದೆ. ಇಂಥವರಿಗೆ ಬೇರೆ ಅಡ್ಡಿ ಇಲ್ಲದಿದ್ದರೆ ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೋಜೆನ್ ಕೊಡಬೇಕು ಎಂಬುದು ತಜ್ಞರ ಮಾರ್ಗಸೂಚಿಗಳೆಲ್ಲ ಹೇಳುವ ಮಾತು. ಗರ್ಭಕೋಶ ಇಲ್ಲದ್ದರಿಂದ ಸಾಮಾನ್ಯವಾಗಿ ಜೋಡಿ ಮಾತ್ರೆ ಬೇಕಿಲ್ಲ. ಅಂಡಾಶಯ ಉಳಿದಿದೆಯೇ ಇಲ್ಲವೇ ಎಂದು ಎಷ್ಟೋ ಹೆಂಗಸರಿಗೆ ಗೊತ್ತಿರುವುದಿಲ್ಲ. ಆಪರೇಷನ್ ಆದಾಗ ಕೊಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ ಅದು ಬರೆದಿರಬೇಕು. ಆ ಚೀಟಿ ತೆಗೆದುಕೊಂಡು ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ ಕೇಳುವುದು ಮೊದಲ ಹೆಜ್ಜೆ. ಹಾರ್ಮೋನ್ ಮಾತ್ರೆಯೆಂದರೆ ಕ್ಯಾನ್ಸರ್ ಎಂದು ಅಲ್ಲಿ ಯಾರಾದರೂ ಹಿಂಜರಿದರೆ, ಆ ಹೆದರಿಕೆ ಬಂದದ್ದು 2002ರ ವರದಿಯಿಂದ. ಆ ಪರೀಕ್ಷೆಗೆ ಐವತ್ತರ ಕೆಳಗಿನ ಒಬ್ಬ ಹೆಂಗಸನ್ನೂ ಸೇರಿಸಿಕೊಂಡಿರಲಿಲ್ಲ.